ಅಳತೆಯ ಕಾಗದಗಳು

ಮೂರನೆಯ ದಿನ ಬೆಳಿಗ್ಗೆ ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಸ್ವಿಚ್ಚಿನ ಕಡೆ ನೋಡಬಾರದೆಂದು ಅವನು ನಿಶ್ಚಯಿಸಿಕೊಂಡಿದ್ದ. ನಿಶ್ಚಯಿಸಿಕೊಂಡಿದ್ದರಿಂದಲೇ ನೋಡಿದ. ಕೊನೆಯ ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ, ಎದೆಯ ಮಟ್ಟಕ್ಕೆ, ಒಂದು ಬಿಳಿ ಸ್ವಿಚ್ಚು. ಅದರ ಕೆಳಗೆ ಒಂದು ಚೀಟಿ: ‘ಪಂಪು. ಇದನ್ನು ಆರಿಸಬಾರದು.’ ಬರೆದ ಕೈ ಅವನದೇ. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಬರೆದ ಕೈ. ಒಂದಕ್ಕೊಂದು ತಾಗದ ದುಂಡು ಅಕ್ಷರ, ಅದರಡಿಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ. ಮನೆ ಇರುವುದು ತಗ್ಗಿನಲ್ಲಿ. ಮಳೆ ಹೆಚ್ಚಾದರೆ ನೆಲದಡಿಯ ನೀರು ಬಂದು ಮೂಲೆಯ ಗುಂಡಿ ಸೇರುತ್ತದೆ, ಗುಂಡಿ ತುಂಬಿದಾಗ ಪಂಪು ತಾನಾಗಿ ಎದ್ದು ನೀರನ್ನು ಹೊರಗೆ ದಬ್ಬಿ ಮತ್ತೆ ಮಲಗುತ್ತದೆ. ಅದು ಕೇಳುವುದು ಒಂದೇ, ಸ್ವಿಚ್ಚು ಹಾಕಿರಬೇಕು. ಇಷ್ಟು ತಿಳಿದೇ ಚೀಟಿ ಬರೆದದ್ದು. ಯಾರಿಗೆಂದು ಬರೆದೆ, ಎಂದು ಈಗ ಯೋಚಿಸಿದ. ಮನೆಯಲ್ಲಿರುವವರು ಇಬ್ಬರು, ಕಂಡ ಸ್ವಿಚ್ಚನ್ನೆಲ್ಲ ಆರಿಸುವ ಚಾಳಿ ಇರುವುದು ಒಬ್ಬನಿಗೆ.

“ಬಂದ್ರಾ? ಚಪ್ಪಲಿ ಹಾಕ್ಕೊಂಡೇ ಬನ್ನಿ, ಮೊಳೆ ಬಿದ್ದಿವೆ,” ಎಂದಳು ಹೆಂಡತಿ.

ಮೊಣಕಾಲಿನವರೆಗೆ ಬಟ್ಟೆ ಎತ್ತಿ ಕಟ್ಟಿ, ತಲೆಗೆ ಹಳೆಯ ಟವೆಲು ಸುತ್ತಿ, ಅವಳು ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಇದು ಅವಳ ಕೋಣೆ. ಇಪ್ಪತ್ತಾರು ವರ್ಷದಿಂದ ಇಲ್ಲೇ ಕೂತು ಈ ಬೀದಿಯ, ಆಚೆ ಬೀದಿಯ ಹೆಂಗಸರಿಗೆ ಬಟ್ಟೆ ಹೊಲಿದವಳು. ಗಾರೆ ನೆಲಕ್ಕೆ ಕಾರ್ಪೆಟ್ ಹಾಸಿ, ಗೋಡೆಗೆ ಹಲಗೆ ಹೊಡೆಸಿ, ತಿಳಿಹಳದಿ ಬಣ್ಣ ಬಳಿಸಿ ಕೋಣೆಯೆನ್ನುವ ಹಾಗೆ ಮಾಡಿಸಿದ್ದು ಅವಳ ದುಡಿಮೆಯಿಂದಲೇ. ಮೊದಲ ದಿನ ಇಬ್ಬರೂ ಕೋಣೆಗೆ ನುಗ್ಗಿ ನಿಂತಿದ್ದ ಮೊಣಕಾಲುದ್ದ ನೀರು ಇಳಿಯುವುದನ್ನು ಕಾದರು, ಉಳಿದದ್ದನ್ನು ಬಕೆಟ್ಟಿನಲ್ಲಿ ಮೊಗೆದರು. ಎರಡನೆಯ ದಿನ ಕಾರ್ಪೆಟ್ಟನ್ನು ಚಾಕುವಿನಿಂದ ಉದ್ದುದ್ದ ಪಟ್ಟಿಯಾಗಿ ಕೊಯ್ದು, ಸುರುಳಿ ಸುತ್ತಿ, ಒಂದೊಂದನ್ನೂ ಇಬ್ಬರು ಹೊತ್ತು ಮೇಲೆ ಸಾಗಿಸಿದರು. ನೀರು ಕುಡಿದ ಕಾರ್ಪೆಟ್ ಹೆಣಭಾರ. ಆಮೇಲೆ ಊದಿಕೊಂಡಿದ್ದ ಗೋಡೆಯ ಹಲಗೆಯನ್ನು ಬುಡದಿಂದ ಎರಡಡಿಯಷ್ಟು ಕತ್ತರಿಸಿ ತೆಗೆದಾಗ ಒಳಗೆ ಚಳಿ ತಡೆಯಲು ತುಂಬಿದ್ದ ಹತ್ತಿ ಒದ್ದೆಯಾಗಿ ಮುದ್ದೆಮುದ್ದೆಯಾಗಿ ಹೊರಬಿತ್ತು. ಈಗ ಕೋಣೆಯಲ್ಲಿ ಎರಡು ಫ್ಯಾನು, ಬಾಡಿಗೆಗೆ ತಂದ ತೇವ ಹೀರುವ ಯಂತ್ರ, ಕೊಳೆತ ಹುಲ್ಲಿನಂಥ ವಾಸನೆ. ಯಂತ್ರದ ಡಬ್ಬಿ ದಿನಕ್ಕೆ ನಾಲ್ಕು ಸಲ ತುಂಬುತ್ತಿತ್ತು. ಖಾಲಿ ಮಾಡುವ ಕೆಲಸ ಅವನದು. ತುಂಬುವ ಮೊದಲೇ ಹೋಗಿ ಹೋಗಿ ನೋಡುತ್ತಿದ್ದ. ತಪ್ಪು ಮಾಡಿದ ಮಕ್ಕಳು ಹೇಳದೆಯೇ ನೀರು ತಂದುಕೊಡುತ್ತವಲ್ಲ, ಅಂಥ ಚುರುಕು ಅವನಿಗೇ ಹೇಸಿಗೆ ಹುಟ್ಟಿಸುತ್ತಿತ್ತು.

ಮಗಳ ಮನೆಗೆಂದು ನಾಲ್ಕು ದಿನಕ್ಕೆ ಹೊರಟ ಬೆಳಿಗ್ಗೆ ಅವನಿಗೆ ಚೆನ್ನಾಗಿ ನೆನಪಿದೆ. ಅಡುಗೆಮನೆಯ ಗ್ಯಾಸು, ಬಚ್ಚಲಿನ ಗೀಸರು, ಟೀವಿಯ ಬುಡದ ಕೆಂಪು ಚುಕ್ಕೆ, ಹಾಸಿಗೆ ಪಕ್ಕದ ದೀಪ. ಒಂದೊಂದರ ಹತ್ತಿರವೂ ನಿಂತು, ಮುಟ್ಟಿ, ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಬಂದದ್ದು. ಗ್ರಂಥಾಲಯದ ಹದಿನೆಂಟು ಕಿಟಕಿ, ನಲವತ್ತು ದೀಪ, ಮೂರು ಬಾಗಿಲು ಮುಚ್ಚಿ ಕೊನೆಯವನಾಗಿ ಹೊರಬೀಳುತ್ತಿದ್ದವನ ಅಭ್ಯಾಸ ಅದು. ಹೆಂಡತಿ ಗೇಟಿನ ಬಳಿ ಚೀಲ ಹಿಡಿದು ನಿಂತು, “ಆಯ್ತೇನ್ರೀ? ಸೂರ್ಯಂಗೂ ಒಂದು ಸ್ವಿಚ್ ಇದ್ದಿದ್ರೆ ಆರಿಸ್ಕೊಂಡೇ ಬರ್ತಿದ್ರಿ,” ಅಂದಿದ್ದಳು. ಅವನು ನಕ್ಕಿದ್ದ. ಆ ನಗು ನೆನಪಿದೆ, ಅವಳ ಚೀಲದ ಬಣ್ಣ ನೆನಪಿದೆ. ನೆಲಮಾಳಿಗೆಗೆ ಇಳಿದದ್ದು ನೆನಪಿಲ್ಲ. ಹಿಂತಿರುಗಿ ಬಂದ ಮಧ್ಯಾಹ್ನ ಬಾಗಿಲು ತೆರೆದೊಡನೆ ಆ ವಾಸನೆ. ಮೆಟ್ಟಿಲ ಮೇಲ್ತುದಿಯ ದೀಪ ಹಾಕಿದವನು ಅವನೇ. ಮುಂದೆ ಇಳಿದವಳು ಅವಳು. ಸ್ವಲ್ಪ ಹೊತ್ತು ಕೆಳಗಿನಿಂದ ಯಾವ ಸದ್ದೂ ಇಲ್ಲ. ಆಮೇಲೆ ‘ಟಕ್’ ಎಂದಿತು. ಅದರ ಬೆನ್ನಿಗೇ ಪಂಪು ಗುರುಗುಟ್ಟಿತು. ಆಮೇಲೆ ಅವಳು, ಹಾಲು ಉಕ್ಕಿದೆ ಎನ್ನುವ ದನಿಯಲ್ಲಿ, “ರೀ, ನೀರು ನುಗ್ಗಿದೆ,” ಎಂದಳು. ಆ ‘ಟಕ್’ ದೀಪದ್ದಿರಬೇಕೆಂದು ಅವನು ಅಂದೇ ತೀರ್ಮಾನಿಸಿದ. ದೀಪವನ್ನು ತಾನೇ ಹಾಕಿದ್ದೆ ಎನ್ನುವುದು ಹಿಂದೆಯೇ ಬಂದು ನಿಂತರೂ ಅದರ ಕಡೆ ತಿರುಗಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹೀಗೇ ಇರಬೇಕು.

ಪಂಪಿನವನು ಬಂದದ್ದು ಮಾರನೆಯ ದಿನ. ಗುಂಡಿಗೆ ಎರಡು ಬಕೆಟ್ ನೀರು ಸುರಿದು, ಪಂಪು ಏಳುವುದನ್ನೂ ಮಲಗುವುದನ್ನೂ ನೋಡಿ, “ಪಂಪು ಕಲ್ಲುಗುಂಡಿನ ಹಾಗಿದೆ ಸಾರ್. ಯಾರಾದ್ರೂ ಆರಿಸಿಬಿಟ್ಟಿದ್ರಾ?” ಎಂದು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಕ್ಕದಲ್ಲಿ ನಿಂತಿದ್ದ ಅವನ ಕೈ ಅಂಗಿಯ ಗುಂಡಿಗೆ ಹೋಯಿತು.

“ಕರೆಂಟ್ ಹೋಗಿತ್ತು,” ಎಂದಳು ಹೆಂಡತಿ, ಬಟ್ಟೆ ಹಿಂಡುತ್ತಾ.

“ಹೌದಾ? ನಮ್ಮ ಕಡೆ ಹೋಗಿರ್ಲಿಲ್ವಲ್ಲ ಅಮ್ಮಾ.”

“ನಮ್ಮ ಬೀದೀಲಿ ಹೋಗಿತ್ತು.”

ಪಂಪಿನವನು ಹೊರಡುವಾಗ ಮೆಟ್ಟಿಲ ಬಳಿ ನಿಂತು ಚೀಟಿಯನ್ನು ಗಟ್ಟಿಯಾಗಿ ಓದಿದ. “ಅಕ್ಷರ ಮುತ್ತಿನ ಹಾಗಿದೆ. ಯಾರದ್ದು?” ಎಂದ. “ನಮ್ಮ ಮನೆಯವರದ್ದು,” ಎಂದಳು ಅವಳು. ಚೀಟಿ ಬರೆದವನು ನೀರು ಕುಡಿಯುವ ನೆಪದಿಂದ ಮೇಲೆ ಹೋದ. ಅಡುಗೆಮನೆಯ ಓವನ್ನಿನ ಗಡಿಯಾರ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಸರಿಯಾದ ಸಮಯ. ಕರೆಂಟು ಒಂದು ಗಳಿಗೆ ಹೋಗಿ ಬಂದರೂ ಸಾಕು, ಅದು ಹನ್ನೆರಡು ಎಂದು ಮಿಟುಕಿಸಲು ಶುರುಮಾಡುತ್ತದೆ. ಯಾರಾದರೂ ಸರಿಪಡಿಸುವವರೆಗೆ ಮಿಟುಕಿಸುತ್ತಲೇ ಇರುತ್ತದೆ. ಸರಿಪಡಿಸುವವನು ಅವನೇ, ಅವಳಿಗೆ ಅದು ಬರುವುದಿಲ್ಲ. ಲೋಟ ಹಿಡಿದು ಆ ಹಸಿರು ಅಂಕಿಗಳ ಮುಂದೆ ನಿಂತೇ ಇದ್ದ. ಸಂಜೆ ಮಗಳು ಫೋನು ಮಾಡಿದಾಗಲೂ ಹೆಂಡತಿ ಅದೇ ಮಾತು ಹೇಳಿದಳು, “ಕರೆಂಟ್ ಹೋಗಿತ್ತು ಕಣೇ. ಅಪ್ಪ ಪಾಪ ಒಂದೇ ಸಮ ಮೊಗೀತಿದ್ದಾರೆ.” ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಈ ‘ಪಾಪ’ ಮಾತ್ರ ನುಂಗಲಾರದ ತುತ್ತಾಯಿತು. ರೋಗಿಯ ಎದುರು ರೋಗದ ಹೆಸರೆತ್ತದೆ ಹಾಸಿಗೆ ಸರಿಮಾಡುವವರ ದನಿ ಅದು. ಹಾಗಾದರೆ ಅವಳು ಗಮನಿಸುತ್ತಿದ್ದಾಳೆ. ಎಂದಿನಿಂದ?

“ಈ ಡ್ರಾಯರ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ ನೋಡಿ,” ಎಂದಳು ಈಗ ಹೆಂಡತಿ.

ಗೋಡೆಗಾನಿಸಿದ ಮರದ ಬೀರು. ಅದರ ಕೆಳಗಿನ ಮೂರು ಡ್ರಾಯರುಗಳಲ್ಲಿ ಅವಳ ಅಳತೆಯ ಕಾಗದಗಳು: ಖಾಯಂ ಗಿರಾಕಿಗಳ ಬೆನ್ನು, ಎದೆ, ತೋಳು, ಕಾಲರುಗಳ ಆಕಾರಕ್ಕೆ ಕತ್ತರಿಸಿಟ್ಟ ಕಂದು ಕಾಗದ. ಒಬ್ಬೊಬ್ಬರದ್ದು ಒಂದೊಂದು ಕಟ್ಟು. ಮರ ನೀರು ಕುಡಿದು ಊದಿ ಡ್ರಾಯರುಗಳು ಬಿಗಿದುಕೊಂಡಿದ್ದವು. ಅವಳು ಹಿಡಿಗೆ ಹಗ್ಗ ಕಟ್ಟಿ ಜಗ್ಗುತ್ತಿದ್ದಳು. “ಬಿಡು, ಹಿಡಿ ಕಿತ್ತು ಬರುತ್ತೆ. ಒಳಗಿನ ಕಾಗದವೂ ಹರಿಯುತ್ತೆ,” ಎಂದ ಅವನು. ತನ್ನ ದನಿ ತನಗೇ ಗುರುತು ಸಿಗಲಿಲ್ಲ; ಮೂರು ದಿನದಲ್ಲಿ ಮೊದಲ ಸಲ ಅದರಲ್ಲಿ ಸ್ವಲ್ಪ ಜೀವವಿತ್ತು. ಬೀರುವನ್ನು ಮುಂದಕ್ಕೆ ಸರಿಸಿ, ಹಿಂಬದಿಯ ತೆಳು ಹಲಗೆಯ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆದು, ಡ್ರಾಯರುಗಳನ್ನು ಹಿಂದಿನಿಂದ ಅಂಗೈಯಲ್ಲಿ ದಬ್ಬಿದ. ಮೊದಲನೆಯದು ನರಳುತ್ತಾ ಮುಂದೆ ಹೋಯಿತು. ಒಳಗೆ ಕಾಗದವೆಲ್ಲ ಒಂದಕ್ಕೊಂದು ಅಂಟಿ ಒಂದೇ ಕಂದು ಹೆಂಟೆಯಾಗಿ ಕೂತಿತ್ತು. ಅವಳು ಅದರ ಮೇಲೆ ಕೈಯಿಟ್ಟು, ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ಕೂತಳು. ಆಮೇಲೆ, “ಅಂಗಳದಲ್ಲಿ ಬಿಸಿಲಿದೆ. ಬಿಡಿಸಿ ಹರವೋಣ,” ಎಂದಳು.

“ಬಿಸಿಲಿಗೆ ಬೇಡ. ಬಿಡಿಸ್ಲೂಬೇಡ.”

ಹದಿನಾಲ್ಕು ವರ್ಷದ ಹಿಂದೆ ಗ್ರಂಥಾಲಯದ ಮೇಲಂತಸ್ತಿನಲ್ಲಿ ಕೊಳವೆ ಒಡೆದು ಮುನ್ನೂರು ಪುಸ್ತಕ ನೆನೆದಾಗಲೂ ಅವನು ಇದನ್ನೇ ಹೇಳಬೇಕೆಂದಿದ್ದ. ಎಲ್ಲೋ ಓದಿ ತಿಳಿದುಕೊಂಡಿದ್ದ ವಿದ್ಯೆ, ಮನೆಯಲ್ಲಿ ಹಳೆಯ ಪಂಚಾಂಗವೊಂದರ ಮೇಲೆ ಮಾಡಿಯೂ ನೋಡಿದ್ದ. ಆದರೆ ಮುಖ್ಯಸ್ಥರು ಟೆರೇಸಿನ ಮೇಲೆ ಬಿಸಿಲಿಗೆ ಹರಡಿಸಿದರು, ತನ್ನಂಥ ಅಟೆಂಡರು ಬಾಯಿಬಿಡುವ ಹೊತ್ತು ಅದಾಗಿರಲಿಲ್ಲ. ಮೂರು ದಿನದಲ್ಲಿ ಪುಸ್ತಕಗಳು ಹಪ್ಪಳದ ಹಾಗೆ ಮುರುಟಿಕೊಂಡವು. ಅವನ್ನೆಲ್ಲ ಕೈಗಾಡಿಯಲ್ಲಿ ರದ್ದಿಗೆ ಸಾಗಿಸಿದವನೂ ಅವನೇ. ಈಗ, ಹೆಂಡತಿ ಕಣ್ಣರಳಿಸಿ ನೋಡುತ್ತಿರಲು, ಬಾಯಿಬಿಟ್ಟ. ಒದ್ದೆ ಕಾಗದವನ್ನು ಎಳೆಯಬಾರದು. ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಅಂಗೈಯಲ್ಲಿ ಸವರಬೇಕು, ಮೇಲಿನ ಕಾಗದ ಪ್ಲಾಸ್ಟಿಕ್ಕಿಗೆ ಹಿಡಿದುಕೊಳ್ಳುತ್ತದೆ. ಆಗ ಮೂಲೆಯಿಂದ ಮೆಲ್ಲಗೆ ಎತ್ತಬೇಕು. ಅದನ್ನು ನ್ಯೂಸ್‌ಪೇಪರಿನ ನಡುವೆ ಇಡಬೇಕು, ಪೇಪರು ಒದ್ದೆಯಾದಂತೆ ಬದಲಿಸಬೇಕು. ಅರ್ಧ ಒಣಗಿದ ಮೇಲೆ ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಡಬೇಕು. ಫ್ಯಾನು ನೇರವಾಗಿ ಬೀಸಬಾರದು, ಗೋಡೆಗೆ ಬೀಸಿ ಅಲ್ಲಿಂದ ತಿರುಗಿ ಬಂದ ಗಾಳಿ ಸಾಕು. ಸರದಿ ಬರುವವರೆಗೆ ಉಳಿದದ್ದು ಒದ್ದೆಯಾಗಿಯೇ ಇರಬೇಕು.

“ಮೂವತ್ತು ವರ್ಷ ಸಂಸಾರ ಮಾಡಿದ್ದೀನಿ, ಇದು ಗೊತ್ತೇ ಇರ್ಲಿಲ್ವಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು.”

“ನೀನು ಪೆನ್ನಲ್ಲಿ ಬರ್ದಿದ್ರೆ ಈ ಗಿಡದ ಕೈಲೂ ಏನೂ ಆಗ್ತಿರ್ಲಿಲ್ಲ. ಸೀಸದಕಡ್ಡಿ ಕರಗಲ್ಲ.”

“ಪೆನ್ನಲ್ಲಿ ಬರಿ, ಅಳಿಸಿಹೋಗುತ್ತೆ ಅಂತ ಬುದ್ಧಿ ಹೇಳ್ತಿದ್ದೋರು ಯಾರು?”

ಹೌದು, ಅವನೇ. ಇಬ್ಬರೂ ನಕ್ಕರು. ಆಮೇಲೆ ಕೆಲಸ ಒಂದು ಲಯಕ್ಕೆ ಬಂತು. ಅವನು ಎತ್ತಿ ಕೊಡುವುದು, ಅವಳು ನೋಡಿ ಹೆಸರು ಹೇಳಿ ಪೇಪರಿನ ನಡುವೆ ಇಡುವುದು. ‘ಬೇಕರಿಯವಳ ತೋಳು.’ ‘ಎತ್ತರದ ನರ್ಸು.’ ‘ಮೂಲೆಮನೆ ಅಜ್ಜಿ, ಬೆನ್ನು.’ ಮೂಲೆಮನೆ ಅಜ್ಜಿ ಹೋಗಿ ಆರು ವರ್ಷವಾಯಿತಲ್ಲ, ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ ಎಂದು ಕೇಳಿದ. “ಮೊಮ್ಮಗಳದ್ದು ಅದೇ ಬೆನ್ನು. ಅರ್ಧ ಇಂಚು ಒಳಗೆ ಹಿಡಿದ್ರೆ ಮುಗೀತು,” ಎಂದಳು. ದಾರದ ಮೇಲೆ ಕಂದು ಬೆನ್ನುಗಳು, ಎದೆಗಳು ಸಾಲುಸಾಲಾಗಿ ತೂಗತೊಡಗಿದವು. ಬೀದಿಯ ಹೆಂಗಸರೆಲ್ಲ ಬಂದು ತಲೆ ಮನೆಯಲ್ಲಿ ಬಿಟ್ಟು ನಿಂತ ಹಾಗೆ ಕಂಡಿತು ಅವನಿಗೆ. ಮಧ್ಯಾಹ್ನ ಅವಳು ಮೇಲಿನಿಂದ ಅನ್ನ ಕಲಸಿ ತಂದಳು. ಮೆಟ್ಟಿಲ ಮೇಲೆ ಕೂತು, ಕೈತೊಳೆಯಲು ಸೋಮಾರಿತನವಾಗಿ ಚಮಚದಲ್ಲಿ ತಿಂದರು. ಅವನ ಪಕ್ಕದ ಗೋಡೆಯಲ್ಲೇ ಸ್ವಿಚ್ಚು ಇತ್ತು. ಈಗ ಹೇಳಿಬಿಡಬಹುದು ಎಂದುಕೊಂಡ. ಅನ್ನ ಮುಗಿಯಿತು.

ಹೇಳುವುದಕ್ಕೆ ಸ್ವಿಚ್ಚು ಒಂದೇ ಆಗಿದ್ದರೆ ಯಾವತ್ತೋ ಹೇಳುತ್ತಿದ್ದ. ಅದರ ಹಿಂದೆ ಇನ್ನೊಂದಿತ್ತು. ನಿವೃತ್ತಿಗೆ ಏಳು ತಿಂಗಳಿರುವಾಗ ಒಂದು ಸಂಜೆ ಅವನು ಎಂದಿನಂತೆ ದೀಪಗಳನ್ನೆಲ್ಲ ಆರಿಸಿ, ಮೂರು ಬಾಗಿಲಿಗೂ ಬೀಗ ಜಡಿದು ಮನೆಗೆ ಬಂದಿದ್ದ. ಪೇಪರು ಓದುವ ಮೇಜಿನಲ್ಲಿ ಒಬ್ಬ ಮುದುಕರು ಕೂತಿದ್ದರು. ಮೇಷ್ಟ್ರಾಗಿದ್ದವರು, ದಿನಾ ಬರುವವರು. ಹೊರಡುವ ಮುಂಚೆ ಆ ಮೇಜಿನ ಪಕ್ಕದಲ್ಲೇ ಹಾದು ಅವರ ತಲೆಯ ಮೇಲಿನ ದೀಪ ಆರಿಸಿದ್ದ. ಅವರನ್ನು ನೋಡಿದ್ದನೇ? ಎರಡು ಗಂಟೆಯ ನಂತರ ಅವರ ಸೊಸೆ ಹುಡುಕಿಕೊಂಡು ಬಂದು, ಕಾವಲಿನವನು ಮುಖ್ಯಸ್ಥರಿಗೆ ಫೋನು ಮಾಡಿ, ಬೀಗ ತೆಗೆಸಿದರು. ಮುದುಕರು ಸಿಟ್ಟಾಗಲಿಲ್ಲ. ಮನೆಗಿಂತ ಇಲ್ಲೇ ನಿದ್ದೆ ಚೆನ್ನಾಗಿ ಬಂತು ಎಂದರಂತೆ. ಮರುದಿನ ಮುಖ್ಯಸ್ಥರು ಕರೆದು, “ಸುಸ್ತಾಗಿದ್ದೀರಿ, ಇನ್ನು ಮೇಲೆ ಕೌಂಟರಿನಲ್ಲಿ ಕೂತು ಸೀಲು ಹೊಡೀರಿ,” ಎಂದು ನಯವಾಗಿ ಹೇಳಿ ಕೈ ಚಾಚಿದರು. ಮೂವತ್ತು ವರ್ಷ ಬಲಜೇಬಿನಲ್ಲಿದ್ದ ಬೀಗದ ಕೈ ಗೊಂಚಲನ್ನು ಆ ಅಂಗೈ ಮೇಲಿಟ್ಟ. ನಡೆಯುವಾಗ ಬಲಗಾಲು ಹಗುರಾಗಿ, ಮೆಟ್ಟಿಲಿಳಿಯುವಾಗ ಒಂದು ಕ್ಷಣ ತೂಕ ತಪ್ಪಿತ್ತು. ಆ ಮಾತನ್ನು ಹೆಂಡತಿಗೆ ಹೇಳಿರಲಿಲ್ಲ. ಕೌಂಟರು ಮೊದಲೇ ಮುಚ್ಚುವುದರಿಂದ ಮನೆಗೆ ಬೇಗ ಬರಬೇಕಾದೀತೆಂದು, ಕೊನೆಯ ಏಳು ತಿಂಗಳು ದಿನವೂ ಕೆರೆಯ ದಂಡೆಯ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತು ಬರುತ್ತಿದ್ದ.

ಮೂರನೆಯ ಡ್ರಾಯರಿನ ತಳದಲ್ಲಿ, ಲಾಡಿಯಿಂದ ಕಟ್ಟಿದ ದಪ್ಪ ಕಟ್ಟೊಂದು ಸಿಕ್ಕಿತು. ಹೆಂಡತಿ ಯಂತ್ರದ ಡಬ್ಬಿ ಖಾಲಿ ಮಾಡಲು ಮೇಲೆ ಹೋಗಿದ್ದಳು, ಅವನು ಮರೆತಿದ್ದ. ಮೇಲಿನ ಕಾಗದದಲ್ಲಿ, ಅವಳ ಕಾಗೆಕಾಲಿನ ಅಕ್ಷರದಲ್ಲಿ, ಬರೆದಿತ್ತು: ‘ಇವರದ್ದು.’

ಪ್ಲಾಸ್ಟಿಕ್ ಹಾಸಿ, ಸವರಿ, ಮೊದಲ ಹಾಳೆ ಎತ್ತಿದ. ಅಂಗಿಯ ಬೆನ್ನು. ತನ್ನ ಬೆನ್ನನ್ನು ಯಾರೂ ನೋಡಿಕೊಂಡಿರುವುದಿಲ್ಲವಲ್ಲ, ಅದಕ್ಕೇ ಪರರ ಸ್ವತ್ತನ್ನು ನೋಡುವ ಸಂಕೋಚದಿಂದ ನೋಡಿದ. ಬಲಭುಜಕ್ಕೆ ಒಂದೇ ಗೆರೆ. ಎಡಭುಜದಲ್ಲಿ ಒಂದರ ಕೆಳಗೊಂದು ನಾಲ್ಕು ಗೆರೆ, ಪ್ರತಿಯೊಂದರ ಪಕ್ಕದಲ್ಲೂ ವರ್ಷ. ‘ಎಡಭುಜ ಕಾಲು ಇಂಚು ಇಳಿದಿದೆ. ಒಳಗೆ ಪಟ್ಟಿ ಕೊಡು.’ ‘ಅರ್ಧ ಇಂಚು. ಪಟ್ಟಿ ಎರಡು.’ ಕೊನೆಯದು ಎರಡು ವರ್ಷದ ಹಿಂದಿನದು: ‘ಮುಕ್ಕಾಲು. ಪಟ್ಟಿ ಮೂರು. ಗೊತ್ತಾಗದ ಹಾಗೆ.’ ಮೂವತ್ತೊಂದು ವರ್ಷ ಎಡತೋಳಿನ ಮೇಲೆ ಪುಸ್ತಕ ಪೇರಿಸಿಕೊಂಡು ಓಡಾಡಿದ ಭುಜ ಅದು. ಬೀಳ್ಕೊಡುಗೆಯ ದಿನ ಮುಖ್ಯಸ್ಥರು, ‘ಈ ವಯಸ್ಸಿನಲ್ಲೂ ಕಂಬದ ಹಾಗೆ ನಿಂತಿದ್ದಾರೆ ನೋಡಿ,’ ಎಂದಾಗ ಅವನು ಇನ್ನಷ್ಟು ಎದೆ ಸೆಟೆದು ನಿಂತಿದ್ದ. ಕಂಬ ನಿಂತಿದ್ದು ಮೂರು ಪಟ್ಟಿ ಬಟ್ಟೆಯ ಮೇಲೆ. ನಗು ಬಂತು, ನಾಚಿಕೆಯೂ ಆಯಿತು. ಎರಡನೆಯ ಹಾಳೆ ಎತ್ತಿದ. ಪ್ಯಾಂಟಿನ ಜೇಬು. ‘ಬಲ ಜೇಬು ಎರಡು ಪದರ. ಬೀಗದ ಕೈ ಹರಿಯುತ್ತೆ.’ ಅದರ ಮೇಲೆ ಅಡ್ಡಗೆರೆ. ಕೆಳಗೆ: ‘ಒಂದೇ ಪದರ ಸಾಕು. ಕೇಳಬೇಡ.’ ಪಕ್ಕದಲ್ಲಿ ತಿಂಗಳು, ವರ್ಷ. ಗೊಂಚಲು ಕೊಟ್ಟುಬಂದ ಎರಡನೆಯ ತಿಂಗಳು ಅದು.

ಅವಳು ಖಾಲಿ ಡಬ್ಬಿ ಹಿಡಿದು ಇಳಿದು ಬಂದಳು. ಅವನ ಮುಂದಿದ್ದ ಕಾಗದ ಯಾವುದೆಂದು ಕಂಡಳು. ಡಬ್ಬಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಅದು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿ, ನ್ಯೂಸ್‌ಪೇಪರು ಮಡಚತೊಡಗಿದಳು.

“ಸ್ವಿಚ್ ಆರಿಸಿದ್ದು ನಾನೇ,” ಎಂದ.

“ಗೊತ್ತು.” ಅವಳು ತಲೆಯೆತ್ತಲಿಲ್ಲ. “ಚಾಳಿ. ಬಿಡಿ, ಆಗಿದ್ದಾಯ್ತು. ಆ ಪಂಪಿನವನು ಊರೆಲ್ಲ ಹೇಳ್ಕೊಂಡು ನಗೋದು ಬೇಡ ಅಂತ ಹಾಗಂದೆ.”

“ಆರಿಸಿದ್ದು ನೆನಪಿಲ್ಲ.”

ಪೇಪರು ಮಡಚುತ್ತಿದ್ದ ಕೈ ನಿಂತಿತು. ಫ್ಯಾನಿನ ಗಾಳಿಗೆ ದಾರದ ಮೇಲಿನ ಬೆನ್ನುಗಳು ಒಂದಕ್ಕೊಂದು ತಾಗಿ ಸರಸರ ಎಂದವು.

“ಅದು ಗೊತ್ತಿರ್ಲಿಲ್ಲ,” ಎಂದಳು ಅವಳು ಮೆಲ್ಲಗೆ.

ಅವನು ಹೇಳಿದ. ಉಳಿದ ಸ್ವಿಚ್ಚುಗಳೆಲ್ಲ ಒಂದೊಂದಾಗಿ ನೆನಪಿರುವುದನ್ನು, ಇದೊಂದು ಮಾತ್ರ ಎಲ್ಲೋ ತಪ್ಪು ಕಪಾಟಿಗೆ ಸೇರಿದ ಪುಸ್ತಕದ ಹಾಗೆ ಮೂರು ದಿನದಿಂದ ಹುಡುಕಿದರೂ ಸಿಗದಿರುವುದನ್ನು ಹೇಳಿದ. ಮುದುಕರ ವಿಷಯ ಹೇಳಿದ. ಮೇಷ್ಟ್ರು ಒಳಗೆ ಗೊರಕೆ ಹೊಡೆಯುತ್ತಿರಲು ತಾನು ಹೊರಗಿನಿಂದ ಬೀಗ ಎಳೆದೆಳೆದು ಪರೀಕ್ಷೆ ಮಾಡಿದ್ದನ್ನು ಹೇಳುವಾಗ ಅವಳಿಗೆ ತಡೆಯಲಾರದ ನಗು ಬಂದು, ಬೋರಲು ಬಕೆಟ್ಟಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ; ತಲೆಯ ಟವೆಲು ಬಿಚ್ಚಿ ಮುಖ ಒತ್ತಿಕೊಂಡಳು. ಅವನು ಅವಳ ಪಕ್ಕದಲ್ಲಿ ಬರಿಯ ನೆಲದ ಮೇಲೆ ಕೂತ. ನೆಲ ಇನ್ನೂ ತಣ್ಣಗಿತ್ತು. ಅವಳನ್ನು ಅಳಿಸಿದ್ದಕ್ಕೆ ದುಃಖವಾಯಿತು. ಹೇಳಿದ್ದಕ್ಕೆ ಮಾತ್ರ ಆಗಲಿಲ್ಲ.

“ಕೇಳಬೇಡ ಅಂತ ಯಾಕೆ ಬರ್ಕೊಂಡೆ?”

“ಕೇಳಿಬಿಡ್ತೀನೇನೋ ಅಂತ ಭಯ. ಸವೀತಿದ್ದ ಜೇಬು ಸವೆಯೋದು ನಿಂತ್ರೆ ನಂಗೆ ಗೊತ್ತಾಗಲ್ವಾ? ನೀವಾಗೇ ಹೇಳ್ತೀರಿ ಅಂತ ಕಾದೆ.” ಮೂಗು ಒರೆಸಿಕೊಂಡಳು. “ನಂದೂ ತಪ್ಪೇ. ಎಲ್ಲಕ್ಕೂ ಒಳಗಿಂದ ಒಂದು ಪಟ್ಟಿ ಕೊಟ್ರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಇದು ಪಟ್ಟಿ ಕೊಟ್ಟು ಮುಚ್ಚೋ ಅಂಥದ್ದಲ್ಲ ರೀ. ಸೋಮವಾರ ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ.”

“ಅವರು ಏನಾದ್ರೂ ಅಂದ್ರೆ?”

“ಅಂದ್ರೆ ಕೇಳ್ಕೊಂಡು ಮನೆಗೆ ಬರೋಣ. ಇಬ್ರೂ.”

ಅವನು ತಲೆಯಾಡಿಸಿದ. ದಾರದ ಮೇಲಿನ ಕಾಗದಗಳನ್ನು ನೋಡುತ್ತಾ, “ಭುಜಕ್ಕೂ ಪಟ್ಟಿ ಬೇಡ ಇನ್ನು. ಇದ್ದ ಹಾಗೇ ಹೊಲಿ,” ಎಂದ.

ಅವಳು ಅವನನ್ನೇ ನೋಡಿದಳು. ಎದ್ದು, ಬೀರುವಿನ ಮೇಲಿದ್ದ ಟೇಪು ಕೊರಳಿಗೆ ಹಾಕಿಕೊಂಡು, ಕಿವಿಯ ಮೇಲೆ ಸೀಸದಕಡ್ಡಿ ಸಿಕ್ಕಿಸಿ, ಗಿರಾಕಿಗೆ ಹೇಳುವ ದನಿಯಲ್ಲಿ, “ಏಳಿ. ಆ ಕಡೆ ತಿರುಗಿ,” ಎಂದಳು. ಅವನು ಗೋಡೆಗೆ ಮುಖ ಮಾಡಿ ನಿಂತ. ಅವಳ ಬೆರಳು ಕುತ್ತಿಗೆಯ ಎಲುಬಿನ ಮೇಲೆ ಬಂದು ನಿಂತಿತು, ಇನ್ನೂ ಒದ್ದೆಯಾಗಿತ್ತು. ಅದು ತಾಗಿದ್ದೇ ಅವನ ಮೈ ತನ್ನಷ್ಟಕ್ಕೆ ಸೆಟೆದುಕೊಂಡಿತು.

“ನೆಟ್ಟಗೆ ನಿಲ್ಲಬೇಡಿ. ಹೇಗಿರ್ತೀರೋ ಹಾಗೆ ನಿಲ್ಲಿ.”

ಪ್ರಯತ್ನಿಸಿದ. ಬಗ್ಗಿದರೆ ಬೇಕೆಂದೇ ಬಗ್ಗಿದ ಹಾಗಾಯಿತು, ಸಡಿಲಬಿಟ್ಟರೆ ನಾಟಕವೆನಿಸಿತು. ತಾನು ಹೇಗಿರುತ್ತೇನೆಂಬುದೇ ತಿಳಿಯದೆ ಒದ್ದಾಡಿದ. ಅವಳು ಅವಸರ ಮಾಡಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ಮೂಲೆಯಲ್ಲಿ ಪಂಪು ಎದ್ದು ಗುರುಗುಟ್ಟಿತು. ಇಬ್ಬರೂ ಅದನ್ನೇ ಕೇಳುತ್ತಾ ನಿಂತರು. ಗುಂಡಿಯ ನೀರು ಹೊರಗೆ ಹೋಗಿ ಅದು ಸುಮ್ಮನಾದಾಗ ಅವನಿಗೆ ತಿಳಿಯದೆಯೇ ಉಸಿರು ಹೊರಬಿತ್ತು, ಅದರ ಜೊತೆಗೆ ಎಡಭುಜವೂ ಇಳಿಯಿತು.

“ಹಾಂ, ಹಾಗೇ ಇರಿ,” ಎಂದಳು. ಟೇಪು ಭುಜದ ಮೇಲೆ ಸರಿಯಿತು. ಅವಳು ಇನ್ನೊಮ್ಮೆ ಅಳೆದಳು.

“ಎಷ್ಟಾಗಿದೆ?”

“ಒಂದು ಇಂಚು.”

“ಬರ್ಕೋ,” ಎಂದ.